ಮುಸುರೆ ಬಾನಿಗೆ ಬಿದ್ದ ಮುದ್ದೆ

ಏಳು ತಿಂಗಳ ಬಸುರಿಯಾಗಿದ್ದಾಗ ನನಗೆ ಊಟವೆಂದರೆ ಹೆದರಿಕೆ. ಹಸಿವೇನೋ ಆಗುತ್ತಿತ್ತು, ಆದರೆ ಉಂಡು ಮಲಗಿದ ಕೂಡಲೇ ಎದೆಯಿಂದ ಗಂಟಲವರೆಗೆ ಉರಿ ಹತ್ತಿಕೊಳ್ಳುತ್ತಿತ್ತು. ಹುಳಿತೇಗು ಬೇರೆ. ಅತ್ತೆಗೆ ಹೇಳಿದರೆ ನಕ್ಕರು.

“ಮಗೀಗೆ ತಲೆ ತುಂಬ ಕೂದ್ಲು ಕಣಮ್ಮಿ. ಅದ್ಕೇ ಉರೀತದೆ.”

ತಮಿಳು ಸೀಮೆಗೆ ಸೇರಿದ ಕನ್ನಡದೂರು ನಮ್ಮ ಪಣಕಹಳ್ಳಿ. ಮನೆಯಲ್ಲಿ ಮಾವ ಹೊಲದಿಂದ ಬಂದು, ಮಿಂದು, ಲಿಂಗಪೂಜೆ ಮುಗಿಸಿ ಉಂಡ ಮೇಲೆಯೇ ಉಳಿದವರ ತಟ್ಟೆ. ಸೊಸೆಯದು ಕೊನೆ. ಅತ್ತೆ ನನಗೆ ಎರಡು ಜೀವಕ್ಕೆಂದು ಎರಡು ಮುದ್ದೆ, ಖಾರದ ಹುರುಳಿ ಸಾರು ಬಡಿಸುತ್ತಿದ್ದರು. ಪ್ರೀತಿಗೇನೂ ಕಡಿಮೆಯಿರಲಿಲ್ಲ, ಆ ಪ್ರೀತಿಯೇ ಎದೆಯ ಮೇಲೆ ಕೂರುತ್ತಿತ್ತು. ಬೆಳಿಗ್ಗೆ ಹಾಲು ಕರೆಯಬೇಕಲ್ಲ ಎಂದು ಉಂಡ ಕೈ ತೊಳೆದವಳೇ ಚಾಪೆಗೆ ಬೀಳುತ್ತಿದ್ದೆ.

ಬೇಡವೆನ್ನಲು ಬಾಯಿ ಬರುತ್ತಿರಲಿಲ್ಲ. ನನ್ನ ಗಂಡ ಹುಟ್ಟಿದಾಗ ಕೋಳಿಮರಿಯಷ್ಟೇ ಇದ್ದರಂತೆ, ಬದುಕಿದ್ದೇ ಪುಣ್ಯವಂತೆ. ಅದನ್ನು ಅತ್ತೆ ವಾರಕ್ಕೊಮ್ಮೆಯಾದರೂ ಹೇಳಿ ಇನ್ನೊಂದು ತುತ್ತಿಗೆ ಒತ್ತಾಯಿಸುತ್ತಿದ್ದರು. ನಾನು ಕಳ್ಳದಾರಿ ಹಿಡಿದೆ. ಅವರು ಅತ್ತ ತಿರುಗಿದರೆ ಸಾಕು, ಒಂದೂವರೆ ಮುದ್ದೆ ಹಸುವಿನ ಮುಸುರೆ ಬಾನಿಗೆ. ಹಸು ಚೆನ್ನಾಗಿ ಮೈಕೈ ತುಂಬಿಕೊಂಡಿತು.

ಮುಂದಿನ ತಪಾಸಣೆಗೆ ಅತ್ತೆಯ ಜೊತೆ ಆಸ್ಪತ್ರೆಗೆ ಹೋದಾಗ ನನ್ನ ತೂಕ ಒಂದಿಷ್ಟೂ ಏರಿರಲಿಲ್ಲ. ಮಗು ಬೆಳೆದಿರುವುದು ಸಾಲದು ಎಂದು ನರ್ಸಮ್ಮ ಮುಖ ಗಂಟು ಹಾಕಿದರು.

“ದಿನಾ ಎಲ್ಡು ಮುದ್ದೆ ಉಣ್ತಾಳೆ ಕಣವ್ವ,” ಎಂದು ಅತ್ತೆ ನನ್ನ ಪರ ವಾದಕ್ಕೆ ನಿಂತರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಎದೆ ಉರಿಯುತ್ತದೆಯಾ ಎಂದು ನರ್ಸಮ್ಮ ತಮಿಳಿನಲ್ಲಿ ಕೇಳಿದ್ದೇ ತಡ, ಅಳು ಬಂದುಬಿಟ್ಟಿತು. ಅವರು ಬೈಯಲಿಲ್ಲ. ಸ್ವಲ್ಪ ಸ್ವಲ್ಪವೇ ಹಲವು ಸಲ ತಿನ್ನು, ಖಾರ ಕಡಿಮೆ ಮಾಡು, ಸಂಜೆಯೇ ಉಣ್ಣು, ಉಂಡ ಕೂಡಲೇ ಮಲಗಬೇಡ, ಮಲಗುವಾಗ ತಲೆ ಭುಜ ಎತ್ತರಕ್ಕಿರಲಿ ಎಂದರು. ನಮ್ಮನ್ನು ಕೇಳದೆ ಸೋಡಾ ಪುಡಿ, ಮಾತ್ರೆ ಏನೂ ನುಂಗಕೂಡದು ಎಂದೂ ಗದರಿಸಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ಅತ್ತೆಗೆ ಬಾನಿಯ ಗುಟ್ಟು ಹೇಳಿಬಿಟ್ಟೆ. ಅವರು ಕಿಟಕಿಯಾಚೆ ನೋಡುತ್ತ ಕುಳಿತರು. ಅನ್ನ ಚೆಲ್ಲಿದ್ದಕ್ಕೆ ಸಿಟ್ಟಾಗಿದ್ದಾರೆಂದು ನಾನು ಸೆರಗು ಹಿಂಡುತ್ತಿದ್ದೆ. ಊರು ಹತ್ತಿರವಾದಾಗ ಮೆಲ್ಲಗೆ ಬಾಯಿ ಬಿಟ್ಟರು.

“ನನ್ಗೂ ಇಂಗೇ ಉರೀತಿತ್ತು ಕಣಮ್ಮಿ. ನಾನೂ ಅದೇ ಬಾನಿಗೇ ಆಕ್ತಿದ್ದೆ. ನನ್ನತ್ತೆಗೆ ಗೊತ್ತೇ ಆಗ್ನಿಲ್ಲ.”

ಅಂದು ಸಂಜೆ ಮಾವ ಪೂಜೆಗೆ ಕುಳಿತಿರುವಾಗಲೇ ನನ್ನ ಮುಂದೆ ತಟ್ಟೆ ಬಂತು. ನಿಂಬೆಹಣ್ಣಿನ ಗಾತ್ರದ ಒಂದು ಮುದ್ದೆ, ಖಾರವಿಲ್ಲದ ಸೊಪ್ಪಿನ ಸಾರು. ಮಾವ ಕಣ್ಣು ತೆರೆದು ನೋಡಿದರು.

“ಬಸ್ರಿ ಅಸ್ಕೊಂಡಿದ್ರೆ ಶಿವ ಮೆಚ್ತನಾ?” ಎಂದರು ಅತ್ತೆ.

ಮಾವ ಮತ್ತೆ ಕಣ್ಣು ಮುಚ್ಚಿದರು. ಮಲಗುವ ಹೊತ್ತಿಗೆ ಅತ್ತೆ ಎರಡು ರಗ್ಗು ಮಡಿಸಿ ನನ್ನ ತಲೆದೆಸೆ ಎತ್ತರಿಸಿಕೊಟ್ಟರು. ಉರಿ ಪೂರ್ತಿ ಹೋಗಲಿಲ್ಲ, ಆದರೆ ಉಂಡದ್ದು ಮೈಗೆ ಹತ್ತಿತು.

ಮಗಳು ಹುಟ್ಟಿದಾಗ ತಲೆ ಬೋಳು, ತೂಕ ಮೂರು ಕಿಲೋ. ಎಲ್ಲಿ ಅತ್ತೆ, ಆ ತಲೆ ತುಂಬ ಕೂದಲು ಎಂದು ಛೇಡಿಸಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಮಗುವನ್ನು ಎರಡೂ ಕೈಯಲ್ಲಿ ತೂಗಿ ತೂಗಿ ನೋಡಿ, ಪಕ್ಕದಲ್ಲಿ ನಿಂತಿದ್ದ ಮಗನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

“ನೀನೂ ಇಷ್ಟು ದಪ್ಪ ಇರ್ಬೇಕಾಗಿತ್ತು ಕಣ್ಲಾ.”