ಕದಿರೇಶನ ಪಿಕಪ್ಪಿನ ಇಂಜಿನ್ನು

ಮುತ್ಯಾಲಮ್ಮ ಕದಿರೇಶನನ್ನು ಮೊದಲು ಕಂಡದ್ದು ಬೈರಕೂರಿನ ತನ್ನ ತೋಟದ ಬದಿಯಲ್ಲಿ. ಟೊಮೆಟೊ ಕ್ರೇಟುಗಳು ಬಿಸಿಲಿಗೆ ಕಾಯುತ್ತಿದ್ದವು. ಯಾವಾಗಲೂ ಬರುವ ಗಾಡಿಯವನು ಅವತ್ತು ಕೈಕೊಟ್ಟಿದ್ದ. ಬದಲಿಗೆ ಬಂದ ಈ ಪಿಕಪ್ಪಿನವನು ಕ್ರೇಟು ತುಂಬಿಸಿಕೊಂಡ, ಹಗ್ಗ ಬಿಗಿದ, ಇಂಜಿನ್ ಸ್ಟಾರ್ಟ್ ಮಾಡಿದ. ಆಮೇಲೆ ಸ್ಟೇರಿಂಗ್ ಮೇಲೆ ಕೈಯಿಟ್ಟು ಸುಮ್ಮನೆ ಕೂತುಬಿಟ್ಟ. ಅತ್ತ ಕೋಲಾರದ ಮಂಡಿಯಲ್ಲಿ ಹರಾಜು ಶುರುವಾಗುವ ಹೊತ್ತು.

“ಯಾಕಪ್ಪಾ, ಇನ್ನೂ ಯಾರಾದ್ರೂ ಬರಬೇಕಾ?”

“ಇಲ್ಲ ದೊಡ್ಡಮ್ಮಾ, ಇಂಜಿನ್ ಎಣ್ಣೆ ಮೇಲಕ್ಕೆ ಹತ್ತಲಿ ಅಂತ.”

“ಹತ್ತೋಕೆ ಅದೇನು ತಾಳೆಮರಾನಾ? ನನ್ನ ಹಣ್ಣು ಇಲ್ಲೇ ಸಾರಾಗಿ ಹೋಗ್ತದೆ, ಹೊರಡೋ!”

ಅವನು ನಕ್ಕ, ಹೊರಡಲಿಲ್ಲ. ಇಂಜಿನ್ನಿನ ಸದ್ದು ಒಂದು ಹದಕ್ಕೆ ಬಂದ ಮೇಲೆಯೇ ಗೇರು ಹಾಕಿದ. ಪಕ್ಕದಲ್ಲಿ ಕೂತ ಮುತ್ಯಾಲಮ್ಮ ಮುಳಬಾಗಿಲು ದಾಟುವವರೆಗೂ ಗೊಣಗಿದಳು. ಅವಳ ಬಾಯಿ ಮುಚ್ಚಿಸಲೆಂದೋ ಏನೋ, ಅವನು ತನ್ನ ಕಥೆ ಹೇಳಿದ.

ಟೇಕಲ್‌ನವನು. ಮೊದಲು ಒಂದು ಹಳೇ ಟೆಂಪೋ ಇತ್ತು. ಬೇಸಿಗೆಯಲ್ಲಿ ರೇಡಿಯೇಟರ್ ಕುದಿದಾಗಲೆಲ್ಲ ಯಾರದಾದರೂ ತೋಟದ ಬೋರಿನ ನೀರು ಹಿಡಿದು ಸುರಿಯುತ್ತಿದ್ದ. ಈ ಸೀಮೆಯ ಬೋರಿನ ನೀರು ಕಾಯಿಸಿದ ಪಾತ್ರೆಗೇ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಟ್ಟುತ್ತದೆ, ಇನ್ನು ರೇಡಿಯೇಟರಿನ ಕೊಳವೆ ಉಳಿದೀತೇ? ಒಂದು ಮಧ್ಯಾಹ್ನ ಇಂಜಿನ್ನು ನಡುರಸ್ತೆಯಲ್ಲಿ ಜಾಮಾಯಿತು. ಅಲ್ಲಿಂದ ಎಷ್ಟೋ ವರ್ಷ ಮಂಡಿಯಲ್ಲಿ ಪರರ ಗಾಡಿಗೆ ಕ್ರೇಟು ಹೊತ್ತ. ಹಾಗೆ ಹೊತ್ತು ಹೊತ್ತು ಕೊಂಡದ್ದು ಈ ಪಿಕಪ್ಪು.

“ಇದನ್ನ ಹತ್ತು ಲಕ್ಷ ಕಿಲೋಮೀಟರು ಓಡಿಸದೆ ಬಿಡಲ್ಲ ದೊಡ್ಡಮ್ಮಾ. ಅದೂ ಇಂಜಿನ್ ಬಿಚ್ಚದೆ.”

ಅಂದಿನಿಂದ ಮುತ್ಯಾಲಮ್ಮನ ಹಣ್ಣು ಅವನ ಗಾಡಿಯಲ್ಲೇ ಹೋಗತೊಡಗಿತು. ಅವಳಿಗೆ ರೇಗುವುದೂ ದಿನಚರಿಯಾಯಿತು. ದಿನಾ ಬೆಳಗ್ಗೆ ಇಂಜಿನ್ನಿನ ಕಡ್ಡಿ ಎಳೆದು ಆಯಿಲನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡುವನು, ಮೂಸುವನು. ರೇಡಿಯೇಟರಿಗೆ ಅಂಗಡಿಯಿಂದ ತಂದ ಕೂಲೆಂಟ್ ಬಿಟ್ಟು ಬೇರೆ ಹನಿ ಬೀಳಗೊಡನು. ಏರಿನಲ್ಲಿ ಇಂಜಿನ್ನಿಗೆ ಉಸಿರು ಕಟ್ಟೀತೆಂದು ಹತ್ತು ಕ್ರೇಟು ತೋಟದಲ್ಲೇ ಕೆಳಗಿಳಿಸುವನು. ಮಂಡಿ ತಲುಪಿದ ಮೇಲೂ ಕೂಡಲೇ ಆಫ್ ಮಾಡನು, ಹಿಂದಿನವರು ಹಾರನ್ ಬಾರಿಸಿದರೂ ಕೇಳನು.

“ನೋಡ್ರಲಾ, ಇಂಜಿನ್ನಿಗೆ ಲಾಲಿ ಹಾಡ್ತಾವ್ನೆ!” ಎಂದು ಕ್ರೇಟು ಇಳಿಸುವ ಹಮಾಲಿ ಅಂಜಿ ಕೂಗುತ್ತಿದ್ದ. “ಮಲಗಿದ ಮೇಲೆ ಹೇಳಪ್ಪಾ, ಮೆಲ್ಲಗೆ ಇಳಿಸ್ತೀವಿ!”

ಆದರೆ ಅದೇ ಕಾಲಕ್ಕೆ ಗಾಡಿ ಕೊಂಡವರೆಲ್ಲ ಇಂಜಿನ್ ಬಿಚ್ಚಿಸಿ ಸವೆದ ಸಿಲಿಂಡರಿಗೆ ಬೋರು ಹೊಡೆಸಿ ಆಗಿತ್ತು. ಕದಿರೇಶನದು ಮಾತ್ರ ಹೊಗೆಯಿಲ್ಲದೆ ಓಡುತ್ತಿತ್ತು.

ಅವನ ಲಕ್ಷ್ಯವೆಲ್ಲ ಬಾನೆಟ್ಟಿನ ಕೆಳಗೆ. ಹಿಂಬದಿಯಲ್ಲಿ ಒಡೆದ ಟೊಮೆಟೊಗಳ ರಸ ತಗಡಿನ ಸಂದಿಯಿಂದ ಜಿನುಗಿ, ಗಾಡಿಯ ಭಾರ ಹೊರುವ ಕೆಳಗಿನ ಚಾಸಿಯ ಮೇಲೆ ಇಳಿಯುತ್ತಿತ್ತು. ಇವತ್ತಿನದು ಒಣಗುವ ಮುಂಚೆ ಅದರ ಮೇಲೆ ನಾಳೆಯದು. ಕೂತವಳ ಮೂಗಿಗೆ ಹುಳಿವಾಸನೆ.

“ಲೇ ಕದಿರೇಶಾ, ಹಿಂದಕ್ಕೂ ಒಂದು ಕೊಡ ನೀರು ಹುಯ್ಯೋ. ನಾತ ತಡೆಯೋಕಾಗಲ್ಲ ಕಣೋ.”

“ಪೋನೀ, ಹೋಗಲಿ ಬಿಡಿ ದೊಡ್ಡಮ್ಮಾ, ತಗಡು ತಾನೇ? ಹೋದ್ರೆ ಇನ್ನೊಂದು ಬಡಿಸ್ತೀನಿ. ಜೀವ ಇರೋದು ಮುಂದೆ.”

ಆಯುಧಪೂಜೆಗೆ ಇಂಜಿನ್ನಿಗೆ ಚೆಂಡುಹೂವು, ಕುಂಕುಮ. ಹಿಂದಕ್ಕೆ ತುಕ್ಕನ್ನೂ ಕೆರೆಯದೆ ಮೇಲೇ ನೀಲಿ ಬಣ್ಣ. ಮುತ್ಯಾಲಮ್ಮನ ಕಾಲ ಕೆಳಗಿನ ತಗಡಿನಲ್ಲಿ ಮೊದಲು ಹುಣಸೆಬೀಜದಷ್ಟು ತೂತು ಬಿತ್ತು, ಆಮೇಲೆ ನಿಂಬೆಹಣ್ಣಿನಷ್ಟು. ಕೊನೆಗೆ ಅವಳು ಗೋಣಿಚೀಲ ಹಾಸಿ, ಕೆಳಗೆ ಓಡುವ ರಸ್ತೆ ಕಾಣದ ಹಾಗೆ ಕಾಲಿಟ್ಟು ಕೂರುವಳು.

ಗಾಡಿ ಓಡಲು ಯೋಗ್ಯವೆಂಬ ಎಫ್‌ಸಿ ಸರ್ಟಿಫಿಕೇಟಿಗೆ ಆರ್‌ಟಿಓದಲ್ಲಿ ತೋರಿಸಬೇಕಾದ ದಿನ ಕಣ್ಣಿನ ಪರೀಕ್ಷೆಗೆಂದು ಹೊರಟಿದ್ದ ಅವಳೂ ಜೊತೆಗಿದ್ದಳು. ಇನ್‌ಸ್ಪೆಕ್ಟರು ಇಂಜಿನ್ನಿಗೆ ಕಿವಿಗೊಟ್ಟು ತಲೆದೂಗಿದರು.

“ಎಷ್ಟು ಓಡಿದೆಯಪ್ಪಾ?”

“ಆರು ಲಕ್ಷ ನಲವತ್ತು ಸಾವಿರ ಸಾರ್. ಒಂದು ಸರ್ತೀನೂ ಬಿಚ್ಚಿಲ್ಲ!”

ಅವರು ಬಗ್ಗಿ, ಸಣ್ಣ ಸುತ್ತಿಗೆಯಿಂದ ಚಾಸಿಗೆ ತಟ್ಟಿದರು. ಟಣ್ ಎನ್ನಲಿಲ್ಲ. ಸುತ್ತಿಗೆಯ ಮೂತಿ ಒಳಕ್ಕೆ ಹೋಯಿತು. ಕಂದು ಪುಡಿ ಉದುರಿತು.

“ಇದು ರೋಡಲ್ಲಿ ಎರಡು ತುಂಡಾದ್ರೆ ಈ ಅಮ್ಮನ್ನ ಎತ್ತೋರು ಯಾರು? ಆಗಲ್ಲಪ್ಪಾ.”

ಕದಿರೇಶ ಅಲ್ಲಿಂದ ಸೀದಾ ಶ್ರೀನಿವಾಸಪುರಕ್ಕೆ ಓಡಿಸಿದ. ಅಲ್ಲಿ ಕೋದಂಡರಾಮಪ್ಪನೆಂಬ ವೆಲ್ಡಿಂಗಿನವನ ಕೈಗುಣ ದೊಡ್ಡದೆಂದು ಕೇಳಿದ್ದ. ಕಣ್ಣಿನ ಪರೀಕ್ಷೆ ಅಲ್ಲಿಗೇ ನಿಂತಿತು. ಕೋದಂಡರಾಮಪ್ಪ ಗಾಡಿಯಡಿ ಮಲಗಿ ನೋಡಿ, ಮೈ ಕೊಡವಿಕೊಂಡು ಎದ್ದ.

“ಬೆಸುಗೆ ಕೂರೋಕೆ ಕಬ್ಬಿಣ ಬೇಕಲ್ಲಯ್ಯಾ! ಇದು ಹಪ್ಪಳ. ನಾನು ಬೆಂಕಿ ತೋರಿಸಿದ್ರೆ ತಿನ್ನಬೋದು, ಅಷ್ಟೇ.”

ಮುತ್ಯಾಲಮ್ಮನಿಗೆ ತಡೆಯಲಾಗಲಿಲ್ಲ. “ಬಾಯಿ ಬಡ್ಕೊಂಡೆ, ತೊಳಿ ತೊಳಿ ಅಂತ! ಒಂದು ಕೊಡ ನೀರಿಗೆ ಗತಿ ಇರಲಿಲ್ಲವೇನೋ ನಿನಗೆ?”

ಅವನು ರಸ್ತೆಬದಿಯ ಕಲ್ಲಿನ ಮೇಲೆ ಕೂತ. ಇಂಜಿನ್ನು ಇನ್ನೂ ಓಡುತ್ತಲೇ ಇತ್ತು.

“ಇಂಜಿನ್ ಕೆಟ್ಟಿದ್ರೆ ಅತ್ತು ಸುಮ್ಮನಾಗಬೋದಿತ್ತು ದೊಡ್ಡಮ್ಮಾ. ಕೆಟ್ಟಿಲ್ವಲ್ಲ.”

ಬೈಯಲು ಇನ್ನೂ ಬೇಕಾದಷ್ಟಿತ್ತು. ಅವಳು ಅದೇ ಕಲ್ಲಿನ ಇನ್ನೊಂದು ತುದಿಯಲ್ಲಿ ಕೂತಳು.

ಮಿಕ್ಕ ಗಾಡಿಯೆಲ್ಲ ಗುಜರಿಗೆ ಹೋಯಿತು. ಇಂಜಿನ್ನನ್ನು ಮಾತ್ರ ಅವನು ಸರಪಳಿ ಹಾಕಿ ಎತ್ತಿಸಿ, ಟೇಕಲ್‌ನ ಮನೆಯ ಜಗುಲಿಗೆ ತಂದಿಟ್ಟ. ಅವನ ಹೆಂಡತಿ ಶೋಭಾರಾಣಿ ಫೋನಿನಲ್ಲಿ ಗೋಳು ಹೇಳಿಕೊಂಡಳು: “ನೀವಾದ್ರೂ ಹೇಳಿ ದೊಡ್ಡಮ್ಮಾ. ನನಗೆ ಜ್ವರ ಬಂದ್ರೆ ಒಂದು ಹೊದಿಕೆ, ಅದಕ್ಕೆ ಎರಡು! ನೆಂಟರು ಬಂದ್ರೆ ಆ ಇಂಜಿನ್ನಿಗೆ ಸುತ್ತು ಹಾಕಿ ಒಳಗೆ ಬರಬೇಕು.”

ಕದಿರೇಶ ಈಗ ಮಾಲೂರಿನಲ್ಲಿ ಯಾರದೋ ಹೊಸ ಗಾಡಿ ಓಡಿಸುತ್ತಾನೆ. ಕೀ ತಿರುಗಿಸಿದ ಕೂಡಲೇ ಹೊರಡಬೇಕು, ನಿಂತರೆ ಓನರ್ ಬೈಯುತ್ತಾನಂತೆ. ಇತ್ತ ಮುತ್ಯಾಲಮ್ಮನ ಹಣ್ಣು ಬೇರೊಬ್ಬನ ಗಾಡಿಯಲ್ಲಿ, ಕರೀ ಹೊಗೆಯ ನಡುವೆ, ಹೊತ್ತಿಗೆ ಮುಂಚೆಯೇ ಮಂಡಿ ಸೇರುತ್ತದೆ. ಅದಕ್ಕೂ ಅವಳಿಗೆ ರೇಗುತ್ತದೆ, ಯಾರ ಮೇಲೆಂದು ಗೊತ್ತಾಗುವುದಿಲ್ಲ.

ಹೋದ ವಾರ ಅವನೇ ಫೋನು ಮಾಡಿದ್ದ. ಹಣ್ಣು ಹೇಗಿದೆ, ಊಜಿ ಹುಳ ಬಿದ್ದಿದೆಯಾ, ಕಣ್ಣು ತೋರಿಸಿದಿರಾ ಎಂದೆಲ್ಲ ಕೇಳಿದ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು.

“ದೊಡ್ಡಮ್ಮಾ,” ಎಂದ ಕದಿರೇಶ, ದನಿ ತಗ್ಗಿಸಿ. “ಇಂಜಿನ್ ಹೋಗಿ, ಬಾಡಿ ಗಟ್ಟಿಯಾಗಿರೋ ಗಾಡಿ ನಿಮ್ಮ ಕಡೆ ಯಾರ ಹತ್ರಾನಾದ್ರೂ ಇದೆಯಾ?”