ಗಿರಿಜಾ ಮೌಶಿಯ ಪರ–ವಿರೋಧ

ಮಾತು ಉದ್ದವಾಯಿತು ಅನ್ನಿಸಿದರೆ ಗಿರಿಜಾ ಮೌಶಿ ಸೈಕಲ್ ಬೆಲ್ ಬಾರಿಸುತ್ತಿದ್ದರು. ಮಗನ ಹಳೆಯ ಸೈಕಲ್ಲಿನಿಂದ ಬಿಚ್ಚಿಕೊಂಡ ಬೆಲ್ಲು ಅದು. ಸ್ವೆಟರಿನ ಜೇಬಿನಲ್ಲಿ ಸದಾ ಇರುತ್ತಿತ್ತು. ಒಂದು ಸಲ ಬಾರಿಸಿದರೆ ಮುಗಿಸುತ್ತ ಬಾ ಎಂದರ್ಥ, ಎರಡು ಸಲ ಬಾರಿಸಿದರೆ ಬಾಯಿ ಮುಚ್ಚು ಎಂದರ್ಥ. ನಾವಿರುವ ಡಚ್ಚರ ಊರು ಆಮರ್ಸ್‌ಫೋರ್ಟಿನಲ್ಲಿ ಬೆಲ್ ಸದ್ದು ಕೇಳಿದರೆ ಎಂಥವರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಹಾಗಾಗಿ ಮೊದಲ ಭೇಟಿಯಲ್ಲಿ, ನಮ್ಮ ಬಾಗಿಲ ಮುಂದೆ ನಿಂತು ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ ನಾನು ಬೆಲ್ ಕೇಳಿದವನೇ ಗೋಡೆಗೆ ಆತುಕೊಂಡೆ. ಹಿಂದೆ ತಿರುಗಿ ನೋಡಿದರೆ ಸೈಕಲ್ಲೂ ಇಲ್ಲ, ಎಂಥದೂ ಇಲ್ಲ.

"ನಿನ್ನ ಟೈಮ್ ಆತಪಾ ಮೈಸೂರಾ," ಅಂದರು ಮೌಶಿ. ಮಾತಿನ ಧಾಟಿಯಿಂದಲೇ ನನ್ನ ಊರು ಹಿಡಿದಿದ್ದರು. ಅಂದಿನಿಂದ ಅವರಿಗೆ ನಾನು ಮೈಸೂರ, ನಮಗೆ ಅವರು ಮೌಶಿ, ಅಂದರೆ ಚಿಕ್ಕಮ್ಮ.

ಧಾರವಾಡದ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದವರು ಅವರು. ಪಾಠಕ್ಕಿಂತ ಹೆಚ್ಚಾಗಿ ಚರ್ಚಾಸ್ಪರ್ಧೆ ನಡೆಸಿದವರು. ಮಗ ಆನಂದನನ್ನು ನೋಡಿಕೊಂಡು ಹೋಗೋಣವೆಂದು ಚಳಿಗಾಲದ ಕೊನೆಯಲ್ಲಿ ಬಂದಿದ್ದರು. ಅಷ್ಟರಲ್ಲಿ ಕೊರೋನಾ ಬಂದು ವಿಮಾನಗಳು ನಿಂತವು, ಇಲ್ಲೇ ಉಳಿದರು. ನಮ್ಮದು ಹಳೆಯ ಫ್ಲ್ಯಾಟುಗಳ ಕಟ್ಟಡ. ಮನೆಗಳ ಮುಂದೆ ಉದ್ದಕ್ಕೂ ತೆರೆದ ಗ್ಯಾಲರಿ, ಗ್ಯಾಲರಿಯ ಕಡೆಗೇ ಎಲ್ಲರ ಅಡುಗೆಮನೆ ಕಿಟಕಿ. ಆ ತುದಿಯಲ್ಲಿ ಆನಂದನ ಮನೆ, ಈ ತುದಿಯಲ್ಲಿ ನಮ್ಮದು. ಮೌಶಿ ಸೀರೆಯ ಮೇಲೆ ಮಗನ ದಪ್ಪ ಕೋಟು, ತಲೆಗೆ ಮಂಕಿ ಟೋಪಿ, ಕಾಲಿಗೆ ಮಗನದೇ ಓಟದ ಶೂ ಹಾಕಿಕೊಂಡು ಆ ಗ್ಯಾಲರಿಯಲ್ಲಿ ಬೆಳಗ್ಗೆ ಸಂಜೆ ತಿರುಗುತ್ತಿದ್ದರು. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು.

ಅವರದೊಂದು ನಿಯಮವಿತ್ತು. ಯಾರೂ ತಮ್ಮ ಸ್ವಂತ ಅಭಿಪ್ರಾಯದ ಪರವಾಗಿ ವಾದ ಮಾಡಕೂಡದು. ಮಾಸ್ಕ್ ಬೇಕು ಅನ್ನುವವನು ಬೇಡ ಎಂದು ವಾದಿಸಬೇಕು, ಬೇಡ ಅನ್ನುವವನು ಬೇಕು ಎಂದು. "ತಮ್ಮ ಮನಸಿನ್ಯಾಗಿಂದು ಯಾರ ಬೇಕಾದ್ರೂ ಹೇಳ್ತಾರ. ಎದುರಿನವರದ್ದು ಹೇಳಿ ನೋಡ್ರಿ, ಆವಾಗ ಗೊತ್ತಾಗ್ತದ," ಅನ್ನುತ್ತಿದ್ದರು. ಕಾಲೇಜಿನಲ್ಲೂ ಹೀಗೇ ಮಾಡಿಸುತ್ತಿದ್ದರಂತೆ. ಮಕ್ಕಳ ಅಪ್ಪಂದಿರು ಪ್ರಿನ್ಸಿಪಾಲರ ಹತ್ತಿರ ದೂರು ಕೊಂಡೊಯ್ದದ್ದೂ ಇದೆಯಂತೆ.

ಇಲ್ಲಿ ಎರಡನೇ ಅಲೆ ಎದ್ದ ಆ ಶರತ್ಕಾಲದಲ್ಲಿ ಈ ದೇಶಕ್ಕೆ ದೇಶವೇ ವಾದಕ್ಕೆ ಬಿದ್ದಿತ್ತು. ಮಾಸ್ಕಿನಿಂದ ಹೆಚ್ಚೇನೂ ಉಪಯೋಗವಿಲ್ಲ ಎಂದು ಮೊದಲು ಹೇಳಿದವರೇ ಈಗ ಹಾಕಿಕೊಂಡರೆ ಒಳ್ಳೆಯದು ಎನ್ನುತ್ತಿದ್ದರು. ಶಾಲೆ ತೆರೆದಿತ್ತು, ಹೋಟೆಲು ಮುಚ್ಚಿತ್ತು. ಮನೆಗೆ ಬರುವ ಅತಿಥಿಗಳು ಮೂರೇ ಜನ ಇರಬೇಕೆಂದು ಟಿವಿಯಲ್ಲಿ ಹೇಳಿದರು. ಮುದುಕರನ್ನು ಮಾತ್ರ ಒಳಗಿರಿಸಿ ಉಳಿದವರನ್ನು ಬಿಡಿ ಎಂದು ಕೆಲವರು, ಎಲ್ಲವನ್ನೂ ಮುಚ್ಚಿ ಎಂದು ಕೆಲವರು. ಮೌಶಿಗೆ ಹಬ್ಬ! ಪ್ರಧಾನಿಯ ಪತ್ರಿಕಾಗೋಷ್ಠಿ ಇರಲಿ, ಸಂಸತ್ತಿನ ಚರ್ಚೆ ಇರಲಿ, ಆನಂದನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಥ ಹೇಳಿಸಿಕೊಳ್ಳುತ್ತಿದ್ದರು.

"ಎಷ್ಟ ಚಂದ ಜಗಳಾಡ್ತಾರ ನೋಡ್ರಿ," ಎಂದು ಮರುದಿನ ನಮಗೆ ವರದಿ. "ಒಬ್ಬ ಮಂತ್ರಿ ಮಾತಾಡೂಮುಂದ ಇನ್ನೊಬ್ಬ ಎದ್ದು ಬಂದು ಬ್ಯಾರೆ ಮೈಕಿನ ಮುಂದ ನಿಂದರ್ತಾನ. ಅವ ಕೇಳೂತನಕಾ ಇವ ಸುಮ್ನಿರ್ತಾನ. ಯಾರೂ ಮೈಕ್ ಕಿತ್ತ ಒಗಿಯೂದುಲ್ಲ!"

ಪಕ್ಕದ ಮನೆಯ ಹೆಂಕ್ ಎಂಬ ನಿವೃತ್ತ ಬಸ್ ಚಾಲಕನಿಗೂ ಈ ನಿಯಮ ತಪ್ಪಲಿಲ್ಲ. ನನಗೆ ನನ್ನ ಬುದ್ಧಿ ಇದೆ, ಸರಕಾರ ಬಂದು ಮೂಗಿಗೆ ಬಟ್ಟೆ ಕಟ್ಟಬೇಕಾಗಿಲ್ಲ ಎನ್ನುವುದು ಅವನ ವಾದ. ಮೌಶಿ ಆನಂದನ ಬಾಯಿಂದ ಹೇಳಿಸಿದರು: ಮಾಸ್ಕ್ ಕಡ್ಡಾಯ ಮಾಡಬೇಕು ಅಂತ ಎರಡು ನಿಮಿಷ ಮಾತಾಡು ನೋಡೋಣ. ಹೆಂಕ್ ಮೊದಲು ನಕ್ಕ. ಆಮೇಲೆ ಅವನ ಬಸ್ಸಿಗೆ ಹತ್ತುತ್ತಿದ್ದ ಒಬ್ಬ ಉಬ್ಬಸದ ಹೆಂಗಸನ್ನು ನೆನಪಿಸಿಕೊಂಡು ಶುರು ಮಾಡಿದ. ಮಾತು ಕಾವೇರಿತು. ಬೆಲ್ ಎರಡು ಸಲ ಬಾರಿಸಿದರೂ ನಿಲ್ಲಿಸಲಿಲ್ಲ. ಮರುದಿನ ಲಿಫ್ಟಿನಲ್ಲಿ ಸಿಕ್ಕಾಗ ಮುಖಕ್ಕೆ ಮಾಸ್ಕ್ ಇತ್ತು. ಚಳಿ ಇದೆ, ಅದಕ್ಕೆ ಎಂದ.

ಇದೆಲ್ಲ ತಮಾಷೆಯಾಗಿಯೇ ಇತ್ತು, ನಮ್ಮ ಮನೆ ಬಾಗಿಲಿಗೆ ಬರುವವರೆಗೆ.

ನನ್ನ ಹೆಂಡತಿ ಸ್ಮಿತಾಗೆ ಆಗ ದಿನ ತುಂಬುತ್ತ ಬಂದಿತ್ತು. ಚೊಚ್ಚಲು. ಬೆಂಗಳೂರಿನಿಂದ ಅವಳ ಅಮ್ಮ ಬರಬೇಕಾಗಿತ್ತು. ವೀಸಾ ಇಲ್ಲ, ವಿಮಾನ ಇಲ್ಲ. ಇಲ್ಲಿ ಹೆರಿಗೆಯಾದ ಮೇಲೆ ಒಂದು ವಾರ ಮನೆಗೇ ಬಂದು ತಾಯಿ ಮಗುವನ್ನು ನೋಡಿಕೊಳ್ಳುವ ನರ್ಸ್ ಇರುತ್ತಾರೆ, ಒಳ್ಳೆಯ ಪದ್ಧತಿ. ಆದರೆ ಸ್ಮಿತಾಗೆ ಬೇಕಾಗಿದ್ದದ್ದು ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುವ ಕೈ. "ಮೌಶಿ ಬಂದು ಬಾಣಂತನ ಮಾಡ್ಲಿ, ಇನ್ನೇನೂ ಬೇಡ ನಂಗೆ," ಅಂದಳು. ಮೌಶಿಗೂ ಅದೇ ಆಸೆ. ಬಾಣಂತಿಯರಿಗೆ ತಿನ್ನಿಸುವ ಅಂಟಿನ ಉಂಡಿಗೆ ಸಾಮಾನು ಹುಡುಕಲು ಆನಂದನನ್ನು ಊರೆಲ್ಲ ಓಡಾಡಿಸಿದ್ದರು.

ತೊಂದರೆ ಎಂದರೆ ಆನಂದನ ಕೆಲಸ. ನಾನು ಮನೆಯಲ್ಲೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ಅವನು ಆಸ್ಪತ್ರೆಗಳ ಯಂತ್ರ ರಿಪೇರಿ ಮಾಡುವವನು, ದಿನಾ ರೈಲು ಹತ್ತಲೇಬೇಕು. ಅವನು ರೋಗ ತಂದರೆ ಮೌಶಿಗೆ, ಮೌಶಿ ತಂದರೆ ನಮಗೆ. ನನಗೆ ಹೆದರಿಕೆ. ಹೇಳಲಿಕ್ಕೆ ಬಾಯಿಲ್ಲ. ಸ್ಮಿತಾ ನನ್ನ ಮುಖ ನೋಡಿಯೇ ತಿಳಿದುಕೊಂಡು ಮಾತು ಬಿಟ್ಟಳು.

"ನೀವು ಹಿಂಗ ಮುಖ ಊದಿಸ್ಕೊಂಡು ಕೂತ್ರ ಹೆಂಗ?" ಅಂದರು ಮೌಶಿ, ಗ್ಯಾಲರಿಯಲ್ಲಿ ದೂರ ನಿಂತು. "ಪರ–ವಿರೋಧ ಇಟ್ಟುಬಿಡೂಣು. ರವಿವಾರ. ಸ್ಮಿತಾ ತೀರ್ಪುಗಾರ್ತಿ. ಆನಂದ ಬೆಲ್ ಬಾರಸ್ತಾನ."

ಭಾನುವಾರ ಮಧ್ಯಾಹ್ನ ಸ್ಮಿತಾ ಕಂಬಳಿ ಹೊದ್ದು ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡಳು. ನಾವು ಮೂವರೂ ದೂರ ದೂರ ನಿಂತೆವು. ವಿಷಯ: ಎರಡನೇ ಅಲೆಯ ಈ ಕಾಲದಲ್ಲಿ ಬಾಣಂತನಕ್ಕೆ ಹೊರಗಿನವರನ್ನು ಮನೆಯೊಳಗೆ ಬಿಟ್ಟುಕೊಳ್ಳಬಹುದು. ನನ್ನ ಮನಸ್ಸಿನಲ್ಲಿ ಬೇಡ ಎಂದಿತ್ತಲ್ಲ, ಹಾಗಾಗಿ ನಾನು ಪರ. ಬರಲೇಬೇಕು ಎಂದು ಕುಣಿಯುತ್ತಿದ್ದ ಮೌಶಿ ವಿರೋಧ.

ನಾನು ಮೊದಲು ತಡವರಿಸಿದೆ. ಬಾಣಂತಿಗೆ ಆರೈಕೆ ಮುಖ್ಯ, ಪೌಷ್ಟಿಕ ಆಹಾರ ಮುಖ್ಯ ಎಂದೆಲ್ಲ ಪತ್ರಿಕೆಯ ಭಾಷೆಯಲ್ಲಿ ಏನೇನೋ ಹೇಳಿದೆ. ಮೌಶಿ ಆಕಳಿಸಿದರು. ಆಗ ಸಿಟ್ಟು ಬಂತು. "ಇವಳು ರಾತ್ರಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಕೊಂಡು ಅಳ್ತಾಳೆ, ನಂಗೆ ಕೇಳಿಸಬಾರದು ಅಂತ," ಎಂದೆ. "ನಂಗೆ ಕೇಳಿಸುತ್ತೆ. ಇವಳಿಗೆ ಅಮ್ಮ ಬೇಕು. ನಾನು ಅಮ್ಮ ಆಗಕ್ಕಾಗಲ್ಲ. ಮೌಶಿ ಆಗ್ತಾರೆ." ಇಷ್ಟು ಹೇಳಿ ನಿಂತೆ. ಸ್ಮಿತಾ ನನ್ನನ್ನೇ ನೋಡುತ್ತಿದ್ದಳು. ಆನಂದ ಬೆಲ್ ಬಾರಿಸುವುದನ್ನೇ ಮರೆತಿದ್ದ.

ಮೌಶಿ ಮಂಕಿ ಟೋಪಿ ತೆಗೆದರು, ಸೆರಗು ಸರಿ ಮಾಡಿಕೊಂಡರು. "ಮಾನ್ಯ ತೀರ್ಪುಗಾರರೇ, ಎದುರಾಳಿ ಮಿತ್ರರೇ," ಎಂದು ಸಭೆಯ ಧ್ವನಿಯಲ್ಲಿ ಶುರು ಮಾಡಿ, ಎರಡೇ ಮಾತಿಗೆ ತಮ್ಮ ಧಾರವಾಡಕ್ಕೆ ಇಳಿದರು. "ಎದುರಾಳಿ ಮಿತ್ರರು ಒಬ್ಬ ಮುದುಕೀ ಪ್ರೀತಿ ಭಾಳ ದೊಡ್ಡದು ಅಂದ್ರು. ಖರೆ. ಆದ್ರ ಆ ಮುದುಕೀ ಮಗಾ ದಿನಾ ರೈಲಿನ್ಯಾಗ ಹೋಗ್ತಾನ. ಅಕಿ ಅವನ ಜೋಡಿ ಒಂದ ಮನ್ಯಾಗ ಉಣ್ತಾಳ. ಅಕಿ ಪ್ರೀತಿ ನೋಡಿ ರೋಗ ಹೆದರಿ ಓಡಿ ಹೋಗ್ತದೇನು? ಅಕಿಗೆ ಕೂಸಿನ್ನ ಎತ್ತಬೇಕು ಅಂತ ಆಶಾ ಅದ. ಅದು ಅಕಿ ಆಶಾ. ಕೂಸಿಗೆ ಏನು ಬೇಕು ಅಂತ ಯಾರರೆ ಕೇಳೀರೇನು? ಕೂಸಿಗೆ ಅದರ ತಾಯಿ ಗಟ್ಟಿಮುಟ್ಟಾಗಿ ಬೇಕು. ಮುದುಕಿ ಇವತ್ತ ಬಂದು ನೀರು ಹಾಕಿ ಖುಷಿ ಪಡ್ತಾಳ. ನಾಳೆ ತಾಯಿಗೆ ಉಸಿರು ಸಿಗಲಿಲ್ಲ ಅಂದ್ರ ಅಕಿ ಯಾವ ಮುಖಾ ತೋರಸ್ತಾಳ?"

ಧ್ವನಿ ಏರುತ್ತ ಹೋಯಿತು. ಕೊನೆಗೆ ಮೌಶಿ ತಾವೇ ಒಂದು ಕ್ಷಣ ತಡೆದರು. ತಾವು ಆಡಿದ ಮಾತು ಆಗ ಅವರ ಕಿವಿಗೇ ಬಿದ್ದಿತ್ತು. "ನನ್ನ ಮಾತು ಮುಗೀತು," ಎಂದು ಟೋಪಿ ಹಾಕಿಕೊಂಡರು.

ಸ್ಮಿತಾ ಕಂಬಳಿಯನ್ನು ಬಿಗಿಯಾಗಿ ಸುತ್ತಿಕೊಂಡಳು. ಆಮೇಲೆ, "ವಿರೋಧ," ಅಂದಳು. ಅಳು ಬಂತು, ಜೊತೆಗೆ ನಗುವೂ ಬಂತು. "ನೀವು ಇಷ್ಟು ಚೆನ್ನಾಗಿ ಮಾತಾಡ್ಬಾರದಿತ್ತು ಮೌಶಿ!"

"ಏನ್ ಮಾಡ್ಲೆವಾ, ಹುಟ್ಟುಗುಣ," ಅಂದರು ಅವರು. ಬೆಲ್ಲನ್ನು ಆನಂದನ ಕೈಯಲ್ಲೇ ಬಿಟ್ಟು ತಮ್ಮ ಮನೆಯ ಕಡೆ ನಡೆದುಹೋದರು.

ಹೆಣ್ಣು ಮಗು ಹುಟ್ಟಿತು. ಮಾರ್ಲೀನ್ ಎಂಬ ನರ್ಸ್ ಮನೆಗೆ ಬಂದಳು. ಮೌಶಿ ಒಳಗೆ ಕಾಲಿಡಲಿಲ್ಲ, ನಿಜ. ಆದರೆ ಅಡುಗೆಮನೆಯ ಕಿಟಕಿಯ ಆಚೆ, ಗ್ಯಾಲರಿಯ ಕಂಬಿಗೆ ಬೆನ್ನು ಹಚ್ಚಿ, ಮಾಸ್ಕ್ ಹಾಕಿಕೊಂಡು ನಿಂತು ಬಾಣಂತನ ನಡೆಸಿದರು. ನಾನು ಅವರ ಕೈ, ಮಾರ್ಲೀನ್ ಅವರ ಶತ್ರು. "ಬಾಣಂತಿ ಕಿವೀಗೆ ಅರಿವಿ ಕಟ್ರೋ! ಕಿಡಕಿ ಯಾಕ ತಗದೀರಿ, ಥಂಡಿ ಬಡೀತದ, ಹಾಕ್ರಿ!" ಎಂದು ಕೂಗುತ್ತಿದ್ದರು, ತೆರೆದ ಕಿಟಕಿಯಿಂದ. ಹಾಕಿದರೆ ಅವರ ಮಾತು ಕೇಳಿಸದು. ಹಾಕಿದ ಮರುಕ್ಷಣ ಗಾಜು ಬಡಿದು ತೆಗೆಸುತ್ತಿದ್ದರು.

ಒಂದು ದಿನ ಅಡುಗೆಮನೆಯಲ್ಲಿ ಮಾರ್ಲೀನ್ ಇಲ್ಲಿಯವರ ರೂಢಿಯಂತೆ ಬಕೆಟ್ಟಿನಲ್ಲಿ ಬೆಚ್ಚಗಿನ ನೀರು ತುಂಬಿಸಿ ಮಗುವನ್ನು ಕುತ್ತಿಗೆಯ ತನಕ ಇಳಿಬಿಟ್ಟಳು. ಹೊರಗಿನಿಂದ ಚೀರು ಕೇಳಿಸಿತು. "ಅಯ್ಯ ಶಿವನ! ಕೂಸಿನ್ನ ಬಕೀಟಿನ್ಯಾಗ ಹಾಕ್ಯಾಳಲ್ಲೋ!" ಹೆಂಕ್ ಏನಾಯಿತೆಂದು ಬಾಗಿಲು ತೆರೆದು ಓಡಿಬಂದ. ಮಗು ಮಾತ್ರ ಕಣ್ಣು ಬಿಟ್ಟುಕೊಂಡು ಸುಖವಾಗಿ ಕೂತಿತ್ತು. ಹೆರಿಗೆಯಾದ ಮೇಲೆ ಸ್ಮಿತಾ ಮನಸಾರೆ ನಕ್ಕದ್ದು ಅವತ್ತೇ. ಅಂಟಿನ ಉಂಡಿ ಡಬ್ಬಿ ಬಾಗಿಲ ಹೊರಗೆ ಬರುತ್ತಿತ್ತು. ಮಾರ್ಲೀನ್‌ಗೂ ಒಂದು ಕೊಡಿ ಎಂದು ಕಿಟಕಿಯಿಂದ ಆಜ್ಞೆ.

ಮಾರ್ಲೀನ್‌ನ ವಾರ ಮುಗಿದ ಮೇಲೆ ಒಂದು ಬೆಳಗ್ಗೆ ಕಿಟಕಿಯಲ್ಲಿ ಮೌಶಿ ಕಾಣಲಿಲ್ಲ. ಆನಂದನ ಫೋನು ಬಂತು. ಅವನಿಗೆ ಪಾಸಿಟಿವ್. ಸಂಜೆಯ ಹೊತ್ತಿಗೆ ಮೌಶಿಗೆ ಜ್ವರ.

ಅವರಿಗೆ ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಇತ್ತು. ನಮಗೊಂದು ಕೆಮ್ಮು ಬಂದರೂ ಥರ್ಮಾಮೀಟರ್ ಹುಡುಕುತ್ತಿದ್ದೆವು. ಸ್ಮಿತಾ ಮಗುವನ್ನು ಎದೆಗವಚಿಕೊಂಡು ಕೂತುಬಿಟ್ಟಳು, ನಿದ್ದೆಯನ್ನೇ ಬಿಟ್ಟಳು. "ಪರ ಅಂದಿದ್ರೆ ಏನಾಗ್ತಿತ್ತು?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ನಾನು ಪರೀಕ್ಷೆಗೆ ಹೋಗಿ ಬಂದೆ, ಅವಳೂ ಹೋಗಿ ಬಂದಳು. ಇಬ್ಬರಿಗೂ ಇಲ್ಲ. ಸದ್ಯ! ಆದರೂ ಆ ತುದಿಯ ಮನೆಯ ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ಹೊರಗೆ ಹೋಗಿ ಹೋಗಿ ನೋಡುತ್ತಿದ್ದೆ. ಬಾಗಿಲ ಮುಂದೆ ಗಂಜಿ ಇಟ್ಟು ಬರುತ್ತಿದ್ದೆ.

ಒಂದು ಮಧ್ಯಾಹ್ನ ಅವರೇ ಫೋನು ಮಾಡಿದರು. ಧ್ವನಿ ಸಣ್ಣಗಾಗಿತ್ತು.

"ಕೂಸು ಹೆಂಗದ?"

"ಚೆನ್ನಾಗಿದೆ ಮೌಶಿ. ಇವಳೂ ಚೆನ್ನಾಗಿದಾಳೆ. ನೀವು?"

"ಜ್ವರಾ ಇಳದದ. ನಿನ್ನ ಗಂಜೀಗೆ ವಾಸನೀನೂ ಇಲ್ಲ, ರುಚೀನೂ ಇಲ್ಲ. ರೋಗದ್ದು ತಪ್ಪೋ ನಿಂದು ತಪ್ಪೋ ಗೊತ್ತಾಗವಲ್ದು." ಆಮೇಲೆ ಕೇಳಿದರು: "ಅವತ್ತ ನಾ ವಾದಾ ಚಲೋ ಮಾಡಿದ್ನಿ, ಹೌದಲ್ಲೋ ಮೈಸೂರಾ?"

ಹೌದು ಎಂದೆ.

ಪೂರ್ತಿ ಗುಣವಾಗಿ, ಹೊರಗೆ ಓಡಾಡಬಹುದು ಎಂದು ಡಾಕ್ಟರು ಹೇಳುವ ಹೊತ್ತಿಗೆ ಅವರಿಗೆ ಊರಿಗೆ ಹೋಗಲು ವಿಮಾನದಲ್ಲಿ ಜಾಗ ಸಿಕ್ಕಿತ್ತು. ಹೊರಡುವ ಹಿಂದಿನ ದಿನ ಹನ್ನೊಂದರ ಹೊತ್ತಿಗೆ ಬಂದು ಹೊಸ್ತಿಲ ಆಚೆಯೇ ನಿಂತರು. ತೆಳ್ಳಗಾಗಿದ್ದರು, ಮಗನ ಕೋಟು ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಸ್ಮಿತಾ ಅವರ ಕೈ ಹಿಡಿದು ಒಳಗೆ ಎಳೆದುಕೊಂಡಳು.

ನಮ್ಮ ಸ್ನಾನದ ಮನೆ ಎರಡು ಜನ ನಿಂತರೆ ತುಂಬುತ್ತದೆ. ಅಲ್ಲಿಯೇ ನೆಲದ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕೂತು, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತೀಡಿದರು. ಬಿಸಿನೀರು ಹುಯ್ದರು. ಮಗು ಮನೆ ಹಾರಿಹೋಗುವಂತೆ ಅತ್ತಿತು, ಆಮೇಲೆ ಬಟ್ಟೆಯಲ್ಲಿ ಸುತ್ತಿದ್ದೇ ತಡ ಕಣ್ಣು ಮುಚ್ಚಿತು. ಮಗುವನ್ನು ನನ್ನ ಕೈಗಿತ್ತು ಸ್ಮಿತಾಳನ್ನು ಕರೆದರು. ಅವಳ ತಲೆಗೂ ಬೆನ್ನಿಗೂ ಎಣ್ಣೆ ತಿಕ್ಕಿ ನೀರು ಹಾಕಿ, ತಲೆ ಒರೆಸಿ, ಕಿವಿಗೆ ಬಟ್ಟೆ ಕಟ್ಟಿ ಮಂಚಕ್ಕೆ ಕಳಿಸಿದರು. ತಲೆದಿಂಬಿಗೆ ತಲೆ ತಾಕುವ ಮುಂಚೆಯೇ ಅವಳಿಗೆ ನಿದ್ದೆ ಬಂದಿತ್ತು. ಹೆರಿಗೆಯಾದ ಮೇಲೆ ಅಂಥ ನಿದ್ದೆ ನಾನು ಅವಳ ಮುಖದಲ್ಲಿ ಕಂಡಿರಲಿಲ್ಲ.

ಮೌಶಿ ಬಾಗಿಲ ಹತ್ತಿರ ಬಗ್ಗಿ ಶೂ ಹಾಕಿಕೊಳ್ಳುತ್ತಿದ್ದರು. ಮರುದಿನ ನಸುಕಿನಲ್ಲೇ ಅವರು ಹೊರಡಬೇಕು. "ಎಬ್ಬಿಸ್ತೀನಿ ಮೌಶಿ," ಎಂದೆ. "ಒಂದು ಮಾತಾಡಿ ಹೋಗಿ. ಆಮೇಲೆ ನನ್ನ ಬೈತಾಳೆ."

"ಬೈಸ್ಕೋ," ಎಂದು ಪಿಸುಗುಟ್ಟಿದರು. "ಅಕಿ ನಿದ್ದಿಗಿಂತಾ ದೊಡ್ಡ ಮಾತು ನನ್ನ ಕಡೆ ಯಾವುದೂ ಇಲ್ಲಪಾ."

ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದರು. ಅವರನ್ನು ಎದುರಿಗೆ ನೋಡಿದ್ದು ಅದೇ ಕೊನೆ, ಆಮೇಲಿನ ಮಾತೆಲ್ಲ ಫೋನಿನಲ್ಲಿ. ನಾನು ಲ್ಯಾಪ್‌ಟಾಪ್ ಮುಚ್ಚಿ, ಮಗುವನ್ನು ತಾಯಿಯ ಪಕ್ಕದ ತೊಟ್ಟಿಲಲ್ಲಿ ಮಲಗಿಸಿ, ಬಟ್ಟೆಯನ್ನೂ ಬದಲಿಸದೆ ಮಂಚದ ಈಚೆ ತುದಿಯಲ್ಲಿ ಉರುಳಿಕೊಂಡೆ. ಕೋಣೆಯೆಲ್ಲ ಎಣ್ಣೆಯ ವಾಸನೆ. ಆ ಮಧ್ಯಾಹ್ನ ನಾವು ಮೂವರೂ ಒಟ್ಟಿಗೆ ನಿದ್ದೆ ಮಾಡಿದೆವು.