ಎರಡೂ ಕಡೆ ಇಳಿಜಾರು

ನಾನು ದೈಹಿಕ ಶಿಕ್ಷಣದ ಶಿಕ್ಷಕಿ. ಬೀದರಿನ ಒಂದು ಪ್ರೌಢಶಾಲೆಯಲ್ಲಿ ಹದಿನೆಂಟು ವರ್ಷದಿಂದ ಮಕ್ಕಳಿಗೆ ಓಟ, ಕಬಡ್ಡಿ, ಖೋಖೋ ಕಲಿಸುತ್ತಿದ್ದೇನೆ. ಬೌದ್ಧರ ಮನೆಯಲ್ಲಿ ಹುಟ್ಟಿದವಳು. ದೆವ್ವ-ಭೂತ ಎಂದು ಯಾರಾದರೂ ಬಾಯಿ ತೆರೆದರೆ ನಮ್ಮಪ್ಪ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೂ ಹಾಗೇ ಎದ್ದು ಹೋಗುತ್ತಿದ್ದೆ. ಆದರೆ ಆ ಸಂಜೆ ಅಲ್ಲಿದ್ದವಳು ನಾನೇ. ಎಡ ಮೊಣಕೈ ಮೇಲೆ ಕಲೆ ಇದೆ, ಬೇಕಾದವರು ಬಂದು ನೋಡಬಹುದು.

ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳನ್ನು ಎರಡು ದಿನದ ಸೈಕಲ್ ಪ್ರವಾಸಕ್ಕೆ ಕರೆದೊಯ್ಯುವುದೆಂದು ಆಗಿತ್ತು. ಬೀದರಿನಿಂದ ಭಾಲ್ಕಿ, ಭಾಲ್ಕಿಯಿಂದ ಔರಾದ್, ಅಲ್ಲಿಂದ ವಾಪಸ್. ನಮ್ಮ ಕಡೆ ಎಲ್ಲಾ ಸಪಾಟು ಬಯಲು ಎಂದು ಬಸ್ಸಿನಲ್ಲಿ ಓಡಾಡುವವರು ಅಂದುಕೊಂಡಿರುತ್ತಾರೆ. ಸೈಕಲ್ ತುಳಿದವರಿಗೆ ಗೊತ್ತು... ಬೀದರ್ ಕೂತಿರುವುದು ಕೆಂಪು ಕಲ್ಲಿನ ಗುಡ್ಡದ ನೆತ್ತಿಯ ಮೇಲೆ. ಊರು ದಾಟಿದ ಮೇಲೆ ರಸ್ತೆ ಅಂಚಿನಿಂದ ಜಾರಿ ಕೆಳಗಿಳಿಯುತ್ತದೆ, ಕೆಂಪು ಮಣ್ಣು ಮುಗಿದು ಕರಿ ಮಣ್ಣು ಶುರುವಾಗುತ್ತದೆ. ಔರಾದ್ ಕಡೆಯಂತೂ ದಿಬ್ಬದ ಹಿಂದೆ ದಿಬ್ಬ. ಚಳಿಗಾಲದಲ್ಲಿ ತೊಗರಿ ಹೂ ಬಿಟ್ಟಾಗ ಆ ದಿಬ್ಬಗಳನ್ನು ನೋಡಬೇಕು.

ಮಕ್ಕಳಿಗಿಂತ ಮೊದಲು ದಾರಿಯನ್ನು ನಾನೇ ತುಳಿದು ನೋಡಬೇಕಿತ್ತು. ಲಾರಿ ಓಡಾಡದ ಸಣ್ಣ ರಸ್ತೆಗಳು ಬೇಕಿದ್ದವು. ಅವು ಗೊತ್ತಿದ್ದದ್ದು ಖಾಜಾ ಭಾಯಿಗೆ.

ಖಾಜಾ ಭಾಯಿ ಹಳೇ ಊರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವರು. ಅರವತ್ತರ ಹತ್ತಿರ ವಯಸ್ಸು. ಹುಡುಗರಿದ್ದಾಗ ಸೈಕಲ್ ಮೇಲೆ ಬಟ್ಟೆ ಗಂಟು ಕಟ್ಟಿಕೊಂಡು ಹಳ್ಳಿ ಹಳ್ಳಿ ಮಾರಿದವರು. ಈಗ ಮೊಣಕಾಲು ಹೋಗಿದ್ದವು. ಅಂಗಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಎದ್ದೇಳುವಾಗ ಪ್ರತಿ ಸಲ "ಯಾ ಅಲ್ಲಾ" ಎನ್ನುತ್ತಿದ್ದರು. ನಾನು ಬೇಡವೆಂದೆ. ದಾರಿ ಬರೆದುಕೊಡಿ ಸಾಕು ಎಂದೆ.

"ಬರದು ಕೊಟ್ರ ಹ್ಯಾಂಗ ತಿಳಿತದ್ರಿ ಟೀಚರ್? ನಾನೇ ಬರ್ತೇನಿ. ಏರು ಬಂದ್ರ ಇಳಿದು ನಡೀತೇನಿ. ಮಕ್ಕಳ ವಿಷಯ ಅದ," ಎಂದರು.

ನವೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ನನ್ನದು ಗೇರ್ ಸೈಕಲ್. ಅವರದು ಹಳೆಯ ಕರಿ ಸೈಕಲ್, ಹಿಂದಿನ ಗಾಲಿಗೆ ಡೈನಮೊ. ಭಾಲ್ಕಿಯಲ್ಲಿ ಚುರುಮುರಿ ಸುಸಲಾ ತಿಂದೆವು, ಮೆಹಕರದಲ್ಲಿ ಚಹಾ ಕುಡಿದೆವು. ಅಲ್ಲಿಯವರೆಗೆ ಎಲ್ಲಾ ಸರಿ ಇತ್ತು. ಆಮೇಲೆ ನನ್ನ ಹಿಂದಿನ ಗಾಲಿಯ ಮೂರು ಕಡ್ಡಿ ಮುರಿದವು. ಖಾಜಾ ಭಾಯಿ ಬೇವಿನ ಮರದ ಕೆಳಗೆ ಕೂತು ಗಾಲಿ ಬಿಚ್ಚಿ ಸರಿಮಾಡುವಷ್ಟರಲ್ಲಿ ಎರಡು ತಾಸು ಹೋಯಿತು.

ಎಕಂಬಾ ದಾಟಿದಾಗ ಸಂಜೆ ಆರೂವರೆ. ಆಗಲೇ ಕತ್ತಲು. ಔರಾದಿನಲ್ಲಿ ನನ್ನ ದೊಡ್ಡಮ್ಮನ ಮಗಳ ಮನೆ ಇದೆ, ರಾತ್ರಿ ಅಲ್ಲಿ ತಂಗುವುದೆಂದು ಮಾತಾಗಿತ್ತು. ತುಳಿದರೆ ಒಂದು ತಾಸಿನ ದಾರಿ.

ಯಾವ ರಸ್ತೆ ಎಂದು ಮಾತ್ರ ಹೇಳುವುದಿಲ್ಲ. ಹುಡುಕಿಕೊಂಡು ಹೋಗುವವರಿರುತ್ತಾರೆ...

ಎರಡೂ ಕಡೆ ತೊಗರಿ ಹೊಲ. ಎಲ್ಲೋ ಸೋಯಾ ಹೊಟ್ಟು ಸುಟ್ಟ ವಾಸನೆ. ಖಾಜಾ ಭಾಯಿ ನನ್ನ ಹಿಂದೆ ಏದುಸಿರು ಬಿಡುತ್ತಾ ಬರುತ್ತಿದ್ದರು. ಅವರ ಡೈನಮೊ ಗುಂಯ್ ಎಂದು ಅಳುತ್ತಿತ್ತು.

ಇದ್ದಕ್ಕಿದ್ದಂತೆ ನನ್ನ ಕಾಲು ಹಗುರಾಯಿತು. ಪೆಡಲ್ ತಾನೇ ತಿರುಗಿತು. ಇಳಿಜಾರು.

ತುಳಿಯುವುದನ್ನು ಬಿಟ್ಟೆ. ಸೈಕಲ್ ತಾನಾಗಿಯೇ ಓಡತೊಡಗಿತು. ದಿನವಿಡೀ ತುಳಿದ ಕಾಲಿಗೆ ಅದು ಎಂಥ ಸುಖ ಎಂದು ಹೇಳಲಾರೆ. ಖಾಜಾ ಭಾಯಿ ನನ್ನನ್ನು ದಾಟಿ ಮುಂದೆ ಹೋದರು. ಎರಡೂ ಕಾಲನ್ನು ಪೆಡಲ್‌ನಿಂದ ತೆಗೆದು ಅಗಲ ಚಾಚಿದ್ದರು, ಚಿಕ್ಕವರ ಹಾಗೆ.

"ಕ್ಯಾ ಮಜಾ ಅದ್ರೀ ಟೀಚರ್! ಮೊಣಕಾಲ ನೋವೇ ಇಲ್ರೀ!"

ನಾನೂ ನಕ್ಕೆ. ಗಾಳಿ ತಣ್ಣಗೆ ಮುಖಕ್ಕೆ ಹೊಡೆಯುತ್ತಿತ್ತು. ಒಂದು ನಿಮಿಷ... ಎರಡು ನಿಮಿಷ... ಐದು...

ಆಗ ಹೊಳೆಯಿತು. ಇಷ್ಟು ಉದ್ದದ ಇಳಿಜಾರು ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ? ಬೀದರಿನ ಗುಡ್ಡದಿಂದ ಇಳಿಯುವ ರಸ್ತೆಯೇ ಇದರ ಅರ್ಧ ಇಲ್ಲ.

"ಭಾಯ್, ನಿಂದರ್ರಿ!" ಎಂದು ಕೂಗಿದೆ.

ಅವರು ತಿರುಗಲಿಲ್ಲ. ದೀಪದ ಬೆಳಕು ಕೆಳಕ್ಕೆ ಕೆಳಕ್ಕೆ ಹೋಗಿ ಚುಕ್ಕಿಯಾಗಿ, ಆರಿದಂತೆ ಮಾಯವಾಯಿತು.

ನಾನು ಎರಡೂ ಬ್ರೇಕ್ ಒತ್ತಿ ಹಿಡಿದೆ. ಸೈಕಲ್ ಬಹಳ ದೂರ ಜಾರಿಕೊಂಡು ಹೋಗಿ ನಿಂತಿತು. ರಬ್ಬರ್ ಸುಟ್ಟ ವಾಸನೆ ಬಂತು. ಹುಳುಗಳ ಸದ್ದೂ ಇರಲಿಲ್ಲ. ತೊಗರಿ ಹೊಲದಲ್ಲಿ ಹುಳು ಕೂಗದ ಸಂಜೆಯನ್ನು ನಾನು ಅವತ್ತೇ ನೋಡಿದ್ದು.

ಒಬ್ಬಳೇ ಮುಂದೆ ಹೋಗುವ ಧೈರ್ಯವಾಗಲಿಲ್ಲ. ಎಕಂಬಾಕ್ಕೆ ಹಿಂದಿರುಗಿ ಯಾರನ್ನಾದರೂ ಕರೆತರೋಣ ಎಂದು ಸೈಕಲ್ ತಿರುಗಿಸಿದೆ. ಇಳಿದು ಬಂದ ದಾರಿ, ಈಗ ಏರಬೇಕು ತಾನೇ? ಕಡಿಮೆ ಗೇರಿಗೆ ಹಾಕಿ, ಏರಿಗೆ ಸಿದ್ಧಳಾಗಿ ಕಾಲೆತ್ತಿದೆ.

ಸೈಕಲ್ ತಾನಾಗಿ ಓಡತೊಡಗಿತು.

ಆ ಕಡೆಯೂ ಇಳಿಜಾರು.

ಮತ್ತೆ ಬ್ರೇಕ್ ಹಿಡಿದೆ. ಇಳಿದು ನಿಂತೆ. ಬಾಟಲಿಯ ನೀರನ್ನು ಡಾಂಬರಿನ ಮೇಲೆ ಸುರಿದು ಮೊಬೈಲ್ ಬೆಳಕು ಹಿಡಿದೆ. ನೀರು ಎರಡು ಸೀಳಾಯಿತು. ಒಂದು ಸೀಳು ಔರಾದ್ ಕಡೆ ಹರಿಯಿತು, ಇನ್ನೊಂದು ಎಕಂಬಾ ಕಡೆ. ಎರಡೂ ವೇಗವಾಗಿ, ಅವಸರ ಇದ್ದಂತೆ... ನಾನು ನಿಂತಿದ್ದದ್ದು ದಿಬ್ಬದ ನೆತ್ತಿಯಲ್ಲ. ಅಲ್ಲಿಗೆ ನಾನು ಮೇಲಿನಿಂದ ಇಳಿದು ಬಂದಿದ್ದೆ.

ಆ ರಸ್ತೆಯ ಮೇಲೆ ಕಾಲಿಡಬಾರದು ಎಂದು ಮಾತ್ರ ಅನ್ನಿಸಿತು. ಸೈಕಲ್ ಎತ್ತಿಕೊಂಡು ಪಕ್ಕದ ಹೊಲದ ಬದು ಹತ್ತಿ ಕೂತೆ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಖಾಜಾ ಭಾಯಿಯ ಹೆಸರು ಹಿಡಿದು ಕೂಗಿದೆ, ಮತ್ತೆ ಮತ್ತೆ ಕೂಗಿದೆ.

ಹತ್ತು ನಿಮಿಷವಾಗಿರಬಹುದು. ಎಕಂಬಾ ಕಡೆಯಿಂದ ಒಂದು ದೀಪ ಬಂತು. ಡೈನಮೊದ ಗುಂಯ್ ಸದ್ದು. ಯಾರೋ ಊರವರು ಎಂದು ಸಮಾಧಾನವಾಯಿತು, ಕೈ ಬೀಸಿದೆ.

ಊರವರಲ್ಲ. ಖಾಜಾ ಭಾಯಿ.

ಮುಂದೆ ಹೋದವರು ಹಿಂದಿನಿಂದ ಬರುತ್ತಿದ್ದರು. ಕಾಲು ಹಾಗೇ ಅಗಲ. ನಾಲ್ಕು ಮಾರು ದೂರದಲ್ಲಿದ್ದ ನನ್ನನ್ನು ನೋಡಲೇ ಇಲ್ಲ. ಜೋರಾಗಿ ನಗುತ್ತಾ, ಸರ್ರನೆ ಕೆಳಗೆ ಹೋದರು.

ಸುತ್ತು ದಾರಿ ಇರಬೇಕು, ಸುತ್ತಿ ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು ಮುಗಿಯುವ ಮೊದಲೇ ಮತ್ತೆ ಹಿಂದಿನಿಂದ ಅದೇ ದೀಪ...

ಈ ಸಲ ನಗು ಇರಲಿಲ್ಲ. ಪಕ್ಕದಲ್ಲಿ ಯಾರೋ ಇದ್ದಾರೆ ಎಂಬಂತೆ ತಲೆ ವಾಲಿಸಿ ಮೆಲ್ಲಗೆ ಮಾತಾಡುತ್ತಿದ್ದರು. "ಹಾಂ... ಆಯ್ತು... ಬರ್ತೇನಿ, ಬರ್ತೇನಿ..." ಮುಖ ತೊಯ್ದಿತ್ತು. ಗಾಳಿಗೆ ಕಣ್ಣೀರು ಬಂದಿತ್ತೋ, ಅಳುತ್ತಿದ್ದರೋ ಗೊತ್ತಿಲ್ಲ. ಸೈಕಲ್ ಮೊದಲಿಗಿಂತ ಜೋರಾಗಿ ಓಡುತ್ತಿತ್ತು.

ಮೂರನೇ ಸಲ ಡೈನಮೊ ಸದ್ದು ಕೇಳಿದಾಗ ನಾನು ಯೋಚಿಸಲಿಲ್ಲ. ನನ್ನ ಸೈಕಲನ್ನು ಬದುವಿನಿಂದ ಎಳೆದು ರಸ್ತೆಗೆ ಅಡ್ಡ ಹಿಡಿದು ನಿಂತೆ. ಇಷ್ಟು ವೇಗದಲ್ಲಿ ಬಡಿದರೆ ಅವರು ಸಾಯಬಹುದು ಎಂದು ಗೊತ್ತಿತ್ತು. ಬಿಟ್ಟರೆ ನಾಲ್ಕನೇ ಸಲ ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ.

ಬಡಿದರು. ಇಬ್ಬರೂ ಎರಡು ಸೈಕಲ್ ಸಮೇತ ತೊಗರಿ ಸಾಲಿನಲ್ಲಿ ಬಿದ್ದೆವು.

ಬಿದ್ದ ಕ್ಷಣವೇ ಹುಳುಗಳು ಕೂಗಿದವು. ಎಲ್ಲಾ ಕಡೆಯಿಂದ, ಒಟ್ಟಿಗೆ, ಯಾರೋ ಬಾಗಿಲು ತೆರೆದಂತೆ. ಖಾಜಾ ಭಾಯಿ ಭುಜ ಹಿಡಿದು ನರಳುತ್ತಿದ್ದರು.

ಸ್ವಲ್ಪ ಹೊತ್ತಿಗೆ ಬ್ಯಾಟರಿ ಬೆಳಕು ಹಿಡಿದು ಒಬ್ಬ ರೈತ ಓಡಿ ಬಂದ. ಮಾರುತಿ ಎಂದು ಹೆಸರು. ಕರೆಂಟು ಬಂದಿದೆ ಎಂದು ಕಡಲೆಗೆ ನೀರು ಬಿಡಲು ಬಂದವನು.

"ಏನ್ ಆಗ್ಯಾದ್ರಿ ಅಕ್ಕಾ?"

"ಇಳಿಜಾರದಾಗ ಬಿದ್ದೇವ್ರಿ..." ಎಂದೆ.

ಅವನು ರಸ್ತೆಯ ಮೇಲೆ ಉದ್ದಕ್ಕೂ ಬೆಳಕು ಬಿಟ್ಟ. "ಇಳಿಜಾರ ಎಲ್ಲಿ ಅದ್ರಿ ಇಲ್ಲಿ? ಅಂಗೈಯಂಗ ಸಪಾಟ ಅದ. ನೀರ್ ಬಿಟ್ರ ಎತ್ಲಾಗೂ ಹೋಗಂಗಿಲ್ಲ, ಇದ್ದಲ್ಲೇ ನಿಂದರ್ತದ."

ನೋಡಿದೆ. ಸಪಾಟಾಗಿತ್ತು.

ಖಾಜಾ ಭಾಯಿಯನ್ನು ಎಬ್ಬಿಸಿ ಕೂರಿಸುತ್ತಾ ಅವನು ಕೇಳಿದ: "ಉಳದವ್ರೆಲ್ಲ ಮುಂದ ಹೋದ್ರೇನ್ರಿ?"

"ಯಾರು?"

"ಮೋಟರ್ ಹತ್ರ ಕುಂತು ಆಗಳಿಂದ ನೋಡ್ಲಾಕತ್ತೀನಿ. ಸೈಕಲ್ ಲೈಟು ಒಂದರ ಹಿಂದ ಒಂದು ಔರಾದ್ ಕಡಿಗೇ ಹೊಂಟಾವ. ಹೊಳ್ಳಿ ಒಂದೂ ಬರ್ಲಿಲ್ಲ. ಒಂಬತ್ತು ಆದ್ವು."

ನಾನು ನೋಡಿದ್ದು ಮೂರು ಸಲ. ಮೊದಲನೆಯದನ್ನೂ ಸೇರಿಸಿದರೆ ನಾಲ್ಕು. ಮೊಬೈಲಿನಲ್ಲಿ ಗಂಟೆ ನೋಡಿದೆ. ಒಂಬತ್ತಾಗಿ ಹತ್ತು ನಿಮಿಷ. ನನ್ನ ಲೆಕ್ಕಕ್ಕೆ ಅರ್ಧ ತಾಸೂ ಆಗಿರಲಿಲ್ಲ.

ಮಾರುತಿ ಊರಿನಿಂದ ಟಂಟಂ ಆಟೋ ತರಿಸಿ ನಮ್ಮನ್ನು ಔರಾದಿನ ಆಸ್ಪತ್ರೆಗೆ ಮುಟ್ಟಿಸಿದ. ಖಾಜಾ ಭಾಯಿಯ ಕುತ್ತಿಗೆಯ ಕೆಳಗಿನ ಎಲುಬು ಮುರಿದಿತ್ತು. ಪಟ್ಟಿ ಕಟ್ಟಿಸಿಕೊಂಡು ಹಾಸಿಗೆಯ ಮೇಲೆ ಕೂತಿದ್ದವರು ಮೊದಲು ಆಡಿದ ಮಾತು ನನಗೆ ಈಗಲೂ ಚುಚ್ಚುತ್ತದೆ.

"ನಾನೇನ್ ತಪ್ಪು ಮಾಡಿದ್ನಿರಿ ಟೀಚರ್? ಯಾಕ ಸೈಕಲ್ ಅಡ್ಡ ಹಾಕಿದ್ರಿ?"

ಅವರ ಪ್ರಕಾರ ಅವರು ಇಳಿದದ್ದು ಒಂದೇ ಸಲ. ಎರಡು ನಿಮಿಷ. ಕೆಳಗೆ ನಾನು ಸೈಕಲ್ ಅಡ್ಡ ಹಿಡಿದು ನಿಂತಿದ್ದೆ. ಅಷ್ಟೇ. ಯಾರ ಜೊತೆಗೂ ಮಾತಾಡಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಮಾರುತಿ ಎಣಿಸಿದ್ದನ್ನೂ ಹೇಳಿದೆ. ಎರಡು ಕಡೆಯ ಇಳಿಜಾರಿನ ಮಾತು ಮಾತ್ರ ಹೇಳಲಿಲ್ಲ. ಹೇಳಿದರೆ ನನ್ನನ್ನೇ ಹುಚ್ಚಿ ಎಂದುಕೊಳ್ಳುತ್ತಾರೆ ಅನ್ನಿಸಿತು. ಅವರು ಗೋಡೆ ಕಡೆ ಮುಖ ಮಾಡಿ ಮಲಗಿದರು.

ಬೀದರಿಗೆ ಬಂದ ವಾರಕ್ಕೆ ಅವರ ಸೈಕಲನ್ನು ಅಂಗಡಿಗೆ ಮುಟ್ಟಿಸಿದೆ. ಒಂದೇ ಕೈಯಲ್ಲಿ ಗಾಲಿ ತಿರುಗಿಸಿ ನೋಡಿದರು. ಬ್ರೇಕ್ ರಬ್ಬರ್ ಇರಬೇಕಾದ ಕಡೆ ಬರೀ ಕಬ್ಬಿಣ. ನಾಲ್ಕೂ ಸವೆದು ಹೋಗಿದ್ದವು. ಹೊರಡುವ ಹಿಂದಿನ ದಿನವಷ್ಟೇ ಹೊಸದು ಹಾಕಿದ್ದರಂತೆ. ಅವರ ಬಾಯಿಂದಲೇ ಆ ಮಾತು ಜಾರಿತು. ಬಹಳ ಹೊತ್ತು ಆ ಕಬ್ಬಿಣವನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತಿದ್ದರು.

ಮಕ್ಕಳ ಪ್ರವಾಸ ಡಿಸೆಂಬರಿನಲ್ಲಿ ನಡೆಯಿತು. ದೊಡ್ಡ ರಸ್ತೆಯಲ್ಲೇ ಕರೆದೊಯ್ದೆ, ಬಿಸಿಲಿರುವಾಗಲೇ ಔರಾದ್ ಸೇರಿಸಿದೆ. ಲಾರಿಗಳ ಹೊಗೆ ಕುಡಿದು ಮಕ್ಕಳು ಗೊಣಗಿದರು. ಗೊಣಗಲಿ ಎಂದುಕೊಂಡೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಖಾಜಾ ಭಾಯಿಯ ಎಲುಬು ಕೂಡಿ ಕೆಲವು ತಿಂಗಳಾಗಿದ್ದವು. ಈ ಸೋಮವಾರ ತರಕಾರಿ ಮಾರ್ಕೆಟ್ಟಿನಲ್ಲಿ ಅವರ ಹೆಂಡತಿ ರಬಿಯಾ ಆಪಾ ಸಿಕ್ಕರು. ಕೈ ಹಿಡಿದುಕೊಂಡು, "ನಿಮ್ಮಿಂದ ಭಾಳ ಛಲೋ ಆಯ್ತಮ್ಮಾ ವೈಶಾಲಿ," ಎಂದರು. "ಹರ್ ಜುಮ್ಮಾ ನಿಮ್ ಜೋಡಿ ಸೈಕಲ್ ಮ್ಯಾಲ ಹೋಗ್ತಾರಲ್ಲ, ಮೊಣಕಾಲ ನೋವು ಅಂಬೋದೇ ಬಿಟ್ಟಾರ. ಬಂದು ಕೂಸಿನಂಗ ಮಲಗ್ತಾರ. ಸ್ವಲ್ಪ ನೋಡ್ಕೊಂಡು ಕರ್ಕೊಂಡ್ ಬರ್ರಿ."

ಅವತ್ತಿನಿಂದ ನಾನು ಖಾಜಾ ಭಾಯಿ ಜೊತೆ ಒಂದು ಸಲವೂ ಸೈಕಲ್ ತುಳಿದಿಲ್ಲ.

"ಹೂಂ ಆಪಾ," ಎಂದೆ.

ನೇರ ಅಂಗಡಿಗೆ ಹೋದೆ. ಅವರು ಕುಕ್ಕರಗಾಲಲ್ಲಿ ಕೂತು ಪಂಕ್ಚರ್ ಹಾಕುತ್ತಿದ್ದರು. ನನ್ನನ್ನು ನೋಡಿ, "ಯಾ ಅಲ್ಲಾ" ಎನ್ನದೆ ಸಲೀಸಾಗಿ ಎದ್ದು ನಿಂತರು. ಹತ್ತು ವರ್ಷ ಚಿಕ್ಕವರಂತೆ ಕಾಣುತ್ತಿದ್ದರು.

"ಅಲ್ಲಿಗೇ ಹೋಗ್ತೀರಲ್ಲ ಭಾಯ್? ಕತ್ಲದಾಗ, ಒಬ್ಬರೇ?"

ಅವರು ಗ್ರೀಸ್ ಒರೆಸಿಕೊಳ್ಳುತ್ತಾ ನೆಲ ನೋಡಿದರು. "ಸಿಟ್ಟಾಗಬ್ಯಾಡ್ರಿ. ಜಿಂದಗಿ ಪೂರಾ ಏರೇ ತುಳದೀನಿ..."

"ಒಂದಿನ ಹೊಳ್ಳಿ ಬರ್ಲಿಕ್ಕೆ ಆಗ್ಲಿಲ್ಲಂದ್ರ?"

ಆಗ ಅವರು ನಕ್ಕರು. ದನಿ ತಗ್ಗಿಸಿ, ಗುಟ್ಟು ಹೇಳುವವರ ಹಾಗೆ ಹೇಳಿದರು: "ಹೊಳ್ಳಿ ಬರೋದೂ ಇಳಿಜಾರೇ ಅದ ಅಲ್ರಿ. ನೀವೂ ನೋಡೀರಿ."

ನಾನು ಅದನ್ನು ಅವರಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

"ನೀವೂ ಬರ್ರಿ ಟೀಚರ್ ಒಂದ್ ಸಲ. ನಿಮ್ಮನ್ನೂ ಕೇಳ್ತಾರ," ಎಂದರು.

ಯಾರು ಕೇಳುತ್ತಾರೆ ಎಂದು ನಾನು ಕೇಳಲಿಲ್ಲ. ಸೈಕಲ್ ಹತ್ತಿ ಮನೆಗೆ ಬಂದುಬಿಟ್ಟೆ.

ನಾಳೆ ಶುಕ್ರವಾರ, ಜುಮ್ಮಾದ ದಿನ. ಆಪಾಗೆ ನಿಜ ಹೇಳಿಬಿಡೋಣ ಎಂದು ಸಂಜೆಯಿಂದ ಎರಡು ಸಲ ಫೋನ್ ಎತ್ತಿಕೊಂಡೆ. ಏನೆಂದು ಶುರು ಮಾಡಲಿ? ನಿಮ್ಮ ಗಂಡನ ನೋವು ಎಲ್ಲಿ ಹೋಗಿದೆ ಎಂದು ಗೊತ್ತು, ಅಲ್ಲಿಗೆ ಬಿಡಬೇಡಿ ಎನ್ನಲೇ? ಈ ನಾಲ್ಕು ಸಾಲು ಬರೆಯುವ ಹೊತ್ತಿಗೆ ಮೂರನೇ ಸಲ ಫೋನ್ ಕೈಗೆ ಬಂದಿದೆ. ಆ ಕಡೆ ರಿಂಗ್ ಆಗುತ್ತಿದೆ... ಇನ್ನೂ ಯಾರೂ ಎತ್ತಿಲ್ಲ.